ಬಿದ್ದ ಮನೆಯ ಲೆಕ್ಕ: ದಖ್ಖನಿನಲ್ಲಿ ಆಪತ್ಪರಿಹಾರ ಹಾಗೂ ಗೃಹವಿಮೆಯ ಚರಿತ್ರೆ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಹೈದರಾಬಾದ್ ನಗರದ ಮೇಲೆ ಉಕ್ಕಿ ಹರಿದ ಘಟನೆ ದಖ್ಖನಿನ ಆಧುನಿಕ ಚರಿತ್ರೆಯನ್ನು ಬಲ್ಲವರಿಗೆಲ್ಲ ಪರಿಚಿತವಾದುದು. ಅದನ್ನು ಕುರಿತ ಬರಹಗಳಲ್ಲಿ ಎರಡು ಸಂಗತಿಗಳು ತಪ್ಪದೆ ಬರುತ್ತವೆ. ಒಂದು, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಔದಾರ್ಯ, ಇನ್ನೊಂದು, ಎಂ. ವಿಶ್ವೇಶ್ವರಯ್ಯನವರ ತಾಂತ್ರಿಕ ಪ್ರತಿಭೆ. ಎರಡೂ ನಿಜವೇ. ಆದರೆ ನೀರು ಇಳಿದ ಮೇಲೆ ಬಿದ್ದ ಮನೆಗಳನ್ನು ಮತ್ತೆ ಎತ್ತಿ ನಿಲ್ಲಿಸುವ ವೆಚ್ಚವನ್ನು ಯಾರು ಹೊತ್ತರು, ಅದನ್ನು ಹಂಚಿಕೊಳ್ಳುವ ಯಾವ ಏರ್ಪಾಡು ಆಗ ಇತ್ತು ಎಂಬ ಪ್ರಶ್ನೆಯನ್ನು ನಮ್ಮ ಇತಿಹಾಸಕಾರರು ಅಷ್ಟಾಗಿ ಎತ್ತಿಕೊಂಡಿಲ್ಲ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯ ಜಾಡನ್ನು ಹಿಡಿದು 1908ರ ಹೈದರಾಬಾದಿನಿಂದ 1993ರ ಕಿಲ್ಲಾರಿಗೂ ಅಲ್ಲಿಂದ ಈ ಹೊತ್ತಿನ ಗೃಹವಿಮೆಗೂ ಬರುವುದು ನಮ್ಮ ಉದ್ದೇಶ. ಸರ್ಕಾರದ ಪರಿಹಾರ ಮತ್ತು ಕಂಪನಿಯ ವಿಮೆ ಇವೆರಡನ್ನೂ ಸಾಮಾನ್ಯವಾಗಿ ಒಂದಕ್ಕೊಂದು ಪರ್ಯಾಯವೆಂದು ಭಾವಿಸಲಾಗುತ್ತದೆ. ಒಂದು ತಲುಪದ ಕಡೆ ಇನ್ನೊಂದು ತಲುಪುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ದಖ್ಖನಿನ ಅನುಭವವನ್ನು ಪರಿಶೀಲಿಸಿದಾಗ ನಮಗೆ ಕಂಡುದು ಬೇರೆ. ಎರಡೂ ಮನೆಗಳನ್ನು ಗೋಡೆ, ಚಾವಣಿ, ದಾಖಲೆಪತ್ರ ಇವುಗಳ ಮೇಲೆಯೇ ವಿಂಗಡಿಸುತ್ತವೆ. ಆದ್ದರಿಂದ ಒಂದರ ಜರಡಿಯಿಂದ ಕೆಳಗೆ ಬಿದ್ದವರು ಇನ್ನೊಂದರ ಜರಡಿಯಿಂದಲೂ ಬೀಳುತ್ತಾರೆ.

ಮೊದಲಿಗೆ ಮೂಸಿಯ ಸಂಗತಿ. ಆ ಸೆಪ್ಟೆಂಬರಿನ ಕೊನೆಯಲ್ಲಿ ನಗರದ ದಕ್ಷಿಣಕ್ಕಿರುವ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಸುರಿಯಿತು. ಮೂಸಿ ಮತ್ತು ಅದರ ಉಪನದಿ ಈಸಿಯ ಜಲಾನಯನ ಪ್ರದೇಶದಲ್ಲಿ ಆಗ 788 ಕೆರೆಗಳಿದ್ದವೆಂದೂ ಅವುಗಳಲ್ಲಿ 221 ಒಡೆದವೆಂದೂ ವಿಶ್ವೇಶ್ವರಯ್ಯನವರು ಮುಂದೆ ಲೆಕ್ಕ ಹಾಕಿದರು. ಒಂದು ಕೆರೆ ಒಡೆದ ನೀರು ಕೆಳಗಿನ ಕೆರೆಯ ಏರಿಯನ್ನು ಒಡೆಯುತ್ತ ಬಂದು ನಗರವನ್ನು ತಲುಪಿದಾಗ ಅಫ್ಜಲ್‌ಗಂಜ್ ಸೇತುವೆ, ಮುಸ್ಲಿಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದಲ್ಲಿದ್ದ ಹುಣಿಸೆಯ ಮರವೊಂದನ್ನು ಹತ್ತಿ ನೂರೈವತ್ತರಷ್ಟು ಜನ ಬದುಕಿಕೊಂಡರು. ಆ ಮರ ಇಂದಿಗೂ ಇದೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ಅವರು ತಾಯಿ, ಹೆಂಡತಿ, ಮಗಳನ್ನು ಈ ನೀರಿಗೆ ಕಳೆದುಕೊಂಡರು. ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜಿನಂತೆ ಸತ್ತವರು 15,000 ಮಂದಿ, ನಾಶವಾದ ಮನೆಗಳು 19,000, ನಿರ್ವಸಿತರಾದವರು 80,000. ನಿರ್ವಸಿತರ ಸಂಖ್ಯೆ ನಗರದ ಜನಸಂಖ್ಯೆಯ ಕಾಲುಭಾಗದಷ್ಟು.

ನಿಜಾಮರು ಅರಮನೆಗಳ ಬಾಗಿಲು ತೆರೆಸಿ ನಿರಾಶ್ರಿತರಿಗೆ ನೆಲೆ ಕೊಟ್ಟರು, ಗಂಜಿಕೇಂದ್ರಗಳನ್ನು ನಡೆಸಿದರು. ನದಿಯ ಕೋಪ ಶಮನವಾಗಲೆಂದು ಅವರೇ ಬಾಗಿನ ಅರ್ಪಿಸಿದರೆಂಬ ಐತಿಹ್ಯವೂ ನಗರದಲ್ಲಿ ಪ್ರಚಲಿತವಾಗಿದೆ. ಈ ಐತಿಹ್ಯ ಸತ್ಯವೋ ಅಲ್ಲವೋ, ಜನರು ಅರಸನಿಂದ ನಿರೀಕ್ಷಿಸಿದ್ದು ಏನೆಂಬುದನ್ನು ಅದು ಹೇಳುತ್ತದೆ. ಆಪತ್ತಿನ ಹೊಣೆ ಅರಸನದು. ಅವನು ನೀಡುವುದು ಧರ್ಮ. ಅದಕ್ಕೆ ಲೆಕ್ಕವಿಲ್ಲ, ಅದರ ಮೇಲೆ ಹಕ್ಕೂ ಇಲ್ಲ.

ಇಲ್ಲಿ ಒಡೆದ ಕೆರೆಗಳ ಬಗ್ಗೆ ಒಂದು ಮಾತು ಸೇರಿಸಬೇಕು. ಕನ್ನಡ ಶಾಸನಗಳನ್ನು ಅಭ್ಯಾಸ ಮಾಡಿದವರಿಗೆ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಎಂಬ ಮಾತುಗಳು ಹೊಸವಲ್ಲ. ಕೆರೆಯನ್ನು ಕಟ್ಟಿಸಿದವನಿಗೆ, ದುರಸ್ತಿ ಮಾಡುವವನಿಗೆ ಬಿಟ್ಟ ಭೂಮಿ ಅದು. ಏರಿ ಬಿರಿಯುತ್ತದೆ, ಹೂಳು ತುಂಬುತ್ತದೆ ಎಂಬುದನ್ನು ಮುಂಚಿತವಾಗಿಯೇ ಊಹಿಸಿ, ಆ ನಷ್ಟವನ್ನು ತುಂಬಲು ಪ್ರತಿವರ್ಷ ಹುಟ್ಟುವ ಆದಾಯವೊಂದನ್ನು ಮೀಸಲಿಡುವ ಈ ಏರ್ಪಾಡನ್ನು ವಿಮೆಯ ಪೂರ್ವರೂಪವೆಂದು ಕರೆದರೆ ಅತಿಶಯೋಕ್ತಿಯಾದೀತು. ಆದರೂ ಬರಬಹುದಾದ ಕೇಡಿಗೆ ಇಂದೇ ಹಣ ತೆಗೆದಿಡುವ ಬುದ್ಧಿ ಅದರಲ್ಲಿ ಸ್ಪಷ್ಟವಾಗಿದೆ. ಗುಡಿಗೂ ಇಂಥ ದತ್ತಿಗಳಿದ್ದವು. ಒಕ್ಕಲಿಗನ ಮನೆಗೆ, ಕುಂಬಾರನ ಮನೆಗೆ ಇಂಥ ದತ್ತಿ ಬಿಟ್ಟ ಶಾಸನ ನಮ್ಮ ಗಮನಕ್ಕೆ ಬಂದಿಲ್ಲ. ಮಣ್ಣಿನ ಮನೆ ಬಿದ್ದರೆ ಅದೇ ಮಣ್ಣನ್ನು ಕಲಸಿ, ನೆರೆಹೊರೆಯವರ ಮೈಗೆಲಸ ಪಡೆದು ಮತ್ತೆ ಕಟ್ಟುವುದು ವಾಡಿಕೆಯಾಗಿದ್ದಿರಬೇಕು. ಹಳ್ಳಿಯಲ್ಲಿ ಅದು ಸಾಧ್ಯ. ನೆಲ, ಮರ, ಕೂಲಿ ಮೂರನ್ನೂ ಹಣ ಕೊಟ್ಟೇ ಪಡೆಯಬೇಕಾದ ನಗರದಲ್ಲಿ ಆ ವಾಡಿಕೆ ನಡೆಯುವುದಿಲ್ಲ. ಹೈದರಾಬಾದ್ ಆ ಹೊತ್ತಿಗೆ ಅಂಥ ನಗರವಾಗಿತ್ತು. ರಾಯಚೂರು, ಕಲಬುರಗಿ, ಬೀದರಗಳ ಕನ್ನಡಿಗರಿಗೂ ಅದೇ ರಾಜಧಾನಿ.

ಪ್ರವಾಹದ ಮರುವರ್ಷ, ಅಂದರೆ 1909ರಲ್ಲಿ, ಮುಂಬಯಿ ಸರ್ಕಾರದ ಸೇವೆಯಿಂದ ಹೊರಬಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಬರಮಾಡಿಕೊಂಡಿತು. ಕೆಲವೇ ತಿಂಗಳಲ್ಲಿ ಅವರು ವರದಿ ಒಪ್ಪಿಸಿ, ಅದೇ ವರ್ಷದ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಹೊರಟುಹೋದರು. ನಗರದ ಮೇಲ್ಭಾಗದಲ್ಲಿ ಮೂಸಿಗೂ ಈಸಿಗೂ ಒಂದೊಂದು ಜಲಾಶಯ ಕಟ್ಟಿ ನೆರೆಯ ನೀರನ್ನು ತಡೆದಿಡುವುದು, ನಗರದೊಳಗೆ ನದಿಯ ದಡಗಳನ್ನು ಎತ್ತರಿಸಿ ಬೀದಿ, ಉದ್ಯಾನಗಳನ್ನು ನಿರ್ಮಿಸುವುದು, ಒಳಚರಂಡಿ ಹಾಕುವುದು ಅವರ ಸಲಹೆಗಳ ಸಾರ. ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು. ಒಬ್ಬೊಬ್ಬರ ನಷ್ಟವನ್ನು ತುಂಬಿಕೊಡುವುದರ ಬದಲು ನಷ್ಟವೇ ಆಗದಂತೆ ಮಾಡುವುದು ಈ ಮಾರ್ಗದ ತತ್ತ್ವ. ಅದರ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೀರಿನಿಂದ ಸುರಕ್ಷಿತವೆಂದು ಬಗೆದ ನೆಲದ ಮೇಲೆ ಮನೆಗಳು ಏಳುತ್ತವೆ ಎಂಬುದೂ ಈ ಮಾರ್ಗದ ಜೊತೆಗೇ ಬರುವ ಸಂಗತಿ. ಈ ಎರಡು ಜಲಾಶಯಗಳ ಹತ್ತು ಕಿಲೋಮೀಟರ್ ಫಾಸಲೆಯಲ್ಲಿ ನಿರ್ಮಾಣವನ್ನು ನಿರ್ಬಂಧಿಸಿದ 1996ರ 111ನೆಯ ಸರ್ಕಾರಿ ಆದೇಶವನ್ನು ತೆಲಂಗಾಣ ಸರ್ಕಾರ 2022ರಲ್ಲಿ ಹಿಂತೆಗೆದುಕೊಂಡಿತು. ಅದಕ್ಕೂ ಮೊದಲೇ, 2020ರ ಅಕ್ಟೋಬರ್ 13-14ರ ಮಳೆಗೆ ನಗರದ ದಕ್ಷಿಣಭಾಗದ ಕೆರೆಗಳು ಒಡೆದು ಬಡಾವಣೆಗಳಿಗೆ ನೀರು ನುಗ್ಗಿತ್ತು. 112 ವರ್ಷಗಳ ಅಂತರದಲ್ಲಿ ಕೆಡುಕಿನ ದಾರಿ ಮಾತ್ರ ಬದಲಾಗಿರಲಿಲ್ಲ.

1908ರಲ್ಲಿ ಮನೆಗೆ ವಿಮೆ ಎಂಬುದು ಇದ್ದಿರಲಿಲ್ಲವೇ? ಇತ್ತು, ಆದರೆ ಬೆಂಕಿಯ ವಿಮೆ ಮಾತ್ರ. 1666ರಲ್ಲಿ ಲಂಡನ್ ನಗರ ಸುಟ್ಟ ಬಳಿಕ ನಿಕೊಲಸ್ ಬಾರ್ಬನ್ ಎಂಬ ಕಟ್ಟಡ ವ್ಯಾಪಾರಿ 1680ರ ಸುಮಾರಿಗೆ ಆರಂಭಿಸಿದ ಕಚೇರಿಯಿಂದ ಇದರ ಚರಿತ್ರೆ ತೊಡಗುತ್ತದೆ. ಅವನ ದರಪಟ್ಟಿ ನಮ್ಮ ವಿಷಯಕ್ಕೆ ಬಹುಮುಖ್ಯ: ಇಟ್ಟಿಗೆಯ ಮನೆಗೆ ವಾರ್ಷಿಕ ಬಾಡಿಗೆಯ ಶೇ. 2.5, ಮರದ ಮನೆಗೆ ಶೇ. 5. ಅಂದರೆ ಕಟ್ಟಡದ ಸಾಮಗ್ರಿಯೇ ಕಂತಿನ ಬೆಲೆಯನ್ನು ನಿರ್ಧರಿಸುವ ಪದ್ಧತಿ ಗೃಹವಿಮೆಯ ಹುಟ್ಟಿನೊಡನೆಯೇ ಬಂದುದು. ಭಾರತದಲ್ಲಿ 1850ರಲ್ಲಿ ಕಲ್ಕತ್ತದಲ್ಲಿ ಸ್ಥಾಪನೆಯಾದ ಟ್ರೈಟನ್ ಮೊದಲ ಸಾಮಾನ್ಯ ವಿಮಾ ಕಂಪನಿ. ಭಾರತೀಯರದೇ ಆದ ಇಂಡಿಯನ್ ಮರ್ಕಂಟೈಲ್ ಕಂಪನಿ ಮುಂಬಯಿಯಲ್ಲಿ ಹುಟ್ಟಿದ್ದು 1907ರಲ್ಲಿ, ಮೂಸಿಯ ಪ್ರವಾಹಕ್ಕೆ ಒಂದು ವರ್ಷ ಹಿಂದೆ. ಹತ್ತಿಯ ಗೋದಾಮು, ಗಿರಣಿ, ಹಡಗಿನ ಸರಕು ಇವು ಅಂಥ ಕಂಪನಿಗಳ ವ್ಯವಹಾರ. ಮೈಸೂರು ಸರ್ಕಾರ ತನ್ನ ನೌಕರರ ಜೀವವಿಮೆಗಾಗಿ 1891ರಲ್ಲಿಯೇ ಒಂದು ಇಲಾಖೆ ತೆರೆದಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ನೌಕರನ ಜೀವಕ್ಕೆ ಭದ್ರತೆ ಕಲ್ಪಿಸುವ ಯೋಚನೆ ನಮ್ಮ ಸಂಸ್ಥಾನಗಳಿಗೆ ಬಂದಿತ್ತು. ಪ್ರಜೆಯ ಮನೆಗೆ ಕಲ್ಪಿಸುವ ಯೋಚನೆ ಬಂದಿರಲಿಲ್ಲ.

ನೆರೆ, ಭೂಕಂಪಗಳನ್ನು ಕಂಪನಿಗಳು ದೂರವಿಟ್ಟುದಕ್ಕೆ ಕಾರಣವಿದೆ. ಬೆಂಕಿ ಒಂದು ಮನೆಗೆ ಬೀಳುತ್ತದೆ, ನೂರು ಮನೆಯವರ ಕಂತಿನಿಂದ ಆ ಒಂದನ್ನು ಕಟ್ಟಿಸಿಕೊಡಬಹುದು. ನೆರೆ ನೂರು ಮನೆಗೂ ಒಟ್ಟಿಗೇ ಬರುತ್ತದೆ. ಇಷ್ಟೇ ಅಲ್ಲದೆ ನದಿಯಂಚಿನವನು ಮಾತ್ರ ನೆರೆಯ ವಿಮೆ ಕೊಳ್ಳುತ್ತಾನೆ, ಗುಡ್ಡದ ಮೇಲಿನವನು ಕೊಳ್ಳುವುದಿಲ್ಲ. ಹೀಗಾಗಿ ಕಂತು ಏರುತ್ತದೆ. ಏರಿದಂತೆ ತೀರ ಅಪಾಯದಲ್ಲಿರುವವನೇ ಉಳಿಯುತ್ತಾನೆ. ಅವನಿಗೂ ಒಂದು ದಿನ ಅದು ಎಟುಕದಂತಾಗುತ್ತದೆ.

ಈ ಇಕ್ಕಟ್ಟು ಎಷ್ಟು ಬಿಗಿಯಾದುದೆಂಬುದನ್ನು ತಿಳಿಯಲು ಅಮೆರಿಕದ ನಿದರ್ಶನವೊಂದನ್ನು ಸಂಕ್ಷೇಪವಾಗಿ ನೋಡಬೇಕು. 1927ರ ಮಿಸಿಸಿಪ್ಪಿ ಮಹಾಪೂರದ ನಂತರ ಅಲ್ಲಿಯ ಖಾಸಗಿ ಕಂಪನಿಗಳು ನೆರೆವಿಮೆಯಿಂದ ಹಿಂದೆ ಸರಿದವು. ನಾಲ್ಕು ದಶಕಗಳ ಬಳಿಕ, 1968ರಲ್ಲಿ, ಕೇಂದ್ರ ಸರ್ಕಾರವೇ ವಿಮೆಗಾರನಾಯಿತು. ಹಳೆಯ ಮನೆಗಳಿಗೆ ರಿಯಾಯಿತಿ ದರ ಕೊಡುವುದು, ಹೊಸ ಮನೆಗಳನ್ನು ತಗ್ಗಿನಲ್ಲಿ ಕಟ್ಟದಂತೆ ನಿರ್ಬಂಧಿಸುವುದು ಅದರ ಒಪ್ಪಂದ. 2005ರ ಕತ್ರಿನಾ ಚಂಡಮಾರುತದಿಂದ ಆ ಯೋಜನೆ ಸಾಲದಲ್ಲಿ ಮುಳುಗಿತು. ದರಗಳನ್ನು ನಿಜವಾದ ಅಪಾಯಕ್ಕೆ ತಕ್ಕಂತೆ ಏರಿಸಲು 2012ರಲ್ಲಿ ಶಾಸನವಾಯಿತು. ಮನೆಯೊಡೆಯರ ಕೂಗಿಗೆ ಮಣಿದು 2014ರಲ್ಲಿ ಅದನ್ನು ಸಡಿಲಿಸುವ ಇನ್ನೊಂದು ಶಾಸನವಾಯಿತು. 2017ರಲ್ಲಿ 1,600 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಲಾಯಿತು. 2021ರ ಅಕ್ಟೋಬರಿನಿಂದ ಮತ್ತೆ ಮನೆಮನೆಯ ಅಪಾಯವನ್ನು ಅಳೆದು ದರ ಕಟ್ಟುವ ಪದ್ಧತಿ ಜಾರಿಗೆ ಬಂದಿದೆ. ಫ್ಲಾರಿಡಾದಲ್ಲಿ 1992ರ ಆಂಡ್ರೂ ಚಂಡಮಾರುತ ಹಲವು ಕಂಪನಿಗಳನ್ನು ದಿವಾಳಿಯೆಬ್ಬಿಸಿದ ಮೇಲೆ, ಬೇರೆಲ್ಲೂ ವಿಮೆ ಸಿಗದವರಿಗಾಗಿ ಆ ರಾಜ್ಯವೇ ಸಂಸ್ಥೆ ನಡೆಸಬೇಕಾಯಿತು. ಸಂಪದ್ಭರಿತ ದೇಶವೊಂದು ಅರ್ಧ ಶತಮಾನಕ್ಕೂ ಮಿಕ್ಕಿ ಪ್ರಯತ್ನಿಸಿಯೂ ನಿಜವಾದ ಬೆಲೆ ಮತ್ತು ಕೊಡಬಲ್ಲ ಬೆಲೆ ಇವೆರಡನ್ನೂ ಒಂದುಗೂಡಿಸಲಾಗಿಲ್ಲ.

ನಮ್ಮಲ್ಲಿಯ ಕಥೆ ಬೇರೆ ದಾರಿ ಹಿಡಿಯಿತು. 1972ರ ಶಾಸನದಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, 107 ಸಂಸ್ಥೆಗಳು 1973ರ ಜನವರಿ 1ರಿಂದ ನಾಲ್ಕು ಸರ್ಕಾರಿ ಕಂಪನಿಗಳ ಅಡಿಯಲ್ಲಿ ಬಂದವು. ದರಗಳನ್ನು ಸುಂಕ ಸಲಹಾ ಸಮಿತಿ ಗೊತ್ತುಪಡಿಸುತ್ತಿತ್ತು. ಈ ದರಪುಸ್ತಕದಲ್ಲಿ ಹಲಗೆ, ಹುಲ್ಲು, ಸೋಗೆ, ಬಿದಿರು, ಪ್ಲಾಸ್ಟಿಕ್ ಹಾಳೆ, ತಾಡಪಾಲುಗಳ ಗೋಡೆ ಅಥವಾ ಚಾವಣಿಯುಳ್ಳ ಕಟ್ಟಡವನ್ನು ‘ಕಚ್ಚಾ’ ಎಂದು ಪ್ರತ್ಯೇಕಿಸಿ ಅದಕ್ಕೆ ಹೆಚ್ಚಿನ ದರ ವಿಧಿಸಲಾಗಿತ್ತು. ಬಾರ್ಬನ್ನನ ಇಟ್ಟಿಗೆ-ಮರಗಳ ಭೇದವೇ ಮೂರು ಶತಮಾನಗಳ ನಂತರ ಇಲ್ಲಿ ಪಕ್ಕಾ-ಕಚ್ಚಾ ಆಗಿ ಮರಳಿತು. ಭೂಕಂಪಕ್ಕೆ ವಲಯವಾರು ಹೆಚ್ಚುವರಿ ಕಂತು ಕಟ್ಟಬೇಕಿತ್ತು. ಪ್ರಾಯೋಗಿಕವಾಗಿ ಮನೆವಿಮೆ ಮನೆಸಾಲದ ಬಾಲವಾಯಿತು. ಸಾಲ ಕೊಟ್ಟ ಸಂಸ್ಥೆ ತನ್ನ ಹಣದ ರಕ್ಷಣೆಗಾಗಿ ವಿಮೆ ಕೇಳಿತು; ಸಾಲ ತೀರಿದೊಡನೆ ವಿಮೆಯೂ ತೀರಿತು. ಸ್ವಂತ ದುಡಿಮೆಯಿಂದ ಕಟ್ಟಿದವನಿಗೆ ಅದರ ಹೆಸರೂ ತಿಳಿಯದು. ಇಂಗ್ಲಿಷಿನಲ್ಲಿ ಅಚ್ಚಾದ ಆ ಷರತ್ತುಗಳನ್ನು ಓದಬಲ್ಲ ಮನೆಯೊಡೆಯರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಇದ್ದಾರು!

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಈ ಕೊರತೆಯೆಲ್ಲ ಒಮ್ಮೆಗೇ ಬಯಲಾಯಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಈ ಪ್ರದೇಶ 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ನಮ್ಮ ಬೀದರ, ಕಲಬುರಗಿಗಳ ಗಡಿಗೆ ತಾಗಿದ ನಾಡು ಇದು. ಗಡಿಯ ಈಚೆಯ ಹಳ್ಳಿಗಳಲ್ಲಿಯೂ ಮನೆಗಳು ಬಿರಿದವು. 6.2 ಪ್ರಮಾಣದ ಆ ಕಂಪನಕ್ಕೆ ಸುಮಾರು 8,000 ಜನ ಬಲಿಯಾದರು. ದೇಶದ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಷ್ಟೇ ಅದು ಮೂರನೆಯ ವಲಯಕ್ಕೆ ಬಂತು. ಜನರನ್ನು ಕೊಂದುದು ಅವರವರ ಮನೆಗಳೇ. ಮಣ್ಣಿನ ಗಾರೆಯಲ್ಲಿ ಒರಟುಕಲ್ಲು ಜೋಡಿಸಿದ ದಪ್ಪ ಗೋಡೆ, ಮರದ ತೊಲೆಗಳ ಮೇಲೆ ಬಿಸಿಲನ್ನು ತಡೆಯಲೆಂದು ವರ್ಷವರ್ಷವೂ ಹೇರಿದ ಮಣ್ಣಿನ ಮಾಳಿಗೆ. ಬೇಸಿಗೆಗೆ ಅದಕ್ಕಿಂತ ಹಿತವಾದ ಮನೆ ಇಲ್ಲವೆಂಬುದು ಬಿಜಾಪುರ, ಕಲಬುರಗಿಗಳ ಕಡೆಯವರಿಗೆ ಗೊತ್ತಿದೆ.

ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ಕೈಗೊಂಡ ಪುನರ್ವಸತಿ ದೊಡ್ಡ ಪ್ರಮಾಣದ್ದು. 52 ಗ್ರಾಮಗಳನ್ನು ಬೇರೆಡೆಗೆ ಸಾಗಿಸಿ ಕಟ್ಟಲಾಯಿತು. ಹೊಸ ಮನೆಯ ಅಳತೆಯನ್ನು ನಿಗದಿಪಡಿಸಿದ ಕ್ರಮ ಗಮನಾರ್ಹ. ಭೂಹೀನರಿಗೂ ಒಂದು ಹೆಕ್ಟೇರಿನವರೆಗೆ ಜಮೀನುಳ್ಳವರಿಗೂ 250 ಚದರ ಅಡಿ. ಒಂದರಿಂದ ಏಳು ಹೆಕ್ಟೇರು ಉಳ್ಳವರಿಗೆ 400. ಅದಕ್ಕೂ ಹೆಚ್ಚಿನವರಿಗೆ 750. ಬಿದ್ದ ಮನೆ ಎಷ್ಟು ದೊಡ್ಡದಿತ್ತು, ಅದರಲ್ಲಿ ಎಷ್ಟು ಜನರಿದ್ದರು ಎಂಬುದಕ್ಕಿಂತ ಹೊಲ ಎಷ್ಟಿತ್ತು ಎಂಬುದು ಮುಖ್ಯವಾಯಿತು. ಇದಕ್ಕೆ ಆಡಳಿತದ ಅನುಕೂಲ ಕಾರಣವಿರಬಹುದು: ಹೊಲಕ್ಕೆ ಪಹಣಿ ಇರುತ್ತದೆ, ಮನೆಯ ಗೋಡೆಗೆ ಇರುವುದಿಲ್ಲ. ಆದರೆ ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ ಎಂಬ ಈ ಶ್ರೇಣಿ ವಿಮೆಯದೇ ತರ್ಕ. ಕಂತು ಕಟ್ಟಿಸಿಕೊಳ್ಳದೆ ಸರ್ಕಾರ ಅದನ್ನು ಅನುಸರಿಸಿತು. ಮರುನಿರ್ಮಿತ ಮನೆಗಳಿಗೆ ವಿಮೆಯನ್ನು ಜೋಡಿಸುವ ಯತ್ನ ನಡೆದದ್ದು ಗುಜರಾತಿನಲ್ಲಿ, 2001ರ ಕಛ್ ಭೂಕಂಪದ ನಂತರ.

ಸರ್ಕಾರಿ ಪರಿಹಾರಕ್ಕೂ ಈ ನಡುವೆ ಒಂದು ಕ್ರಮಬದ್ಧ ರೂಪ ಬಂದಿತ್ತು. ಒಂಬತ್ತನೆಯ ಹಣಕಾಸು ಆಯೋಗದ ಶಿಫಾರಸಿನಂತೆ 1990ರಲ್ಲಿ ಆಪತ್ಪರಿಹಾರ ನಿಧಿಯೂ, 2005ರ ವಿಪತ್ತು ನಿರ್ವಹಣಾ ಶಾಸನದ ತರುವಾಯ ರಾಜ್ಯ ವಿಪತ್ತು ಸ್ಪಂದನಾ ನಿಧಿಯೂ ಸ್ಥಾಪನೆಯಾದವು. ನಿಜಾಮರ ಕಾಲದ ಧರ್ಮ ಹೀಗೆ ದರಪಟ್ಟಿಯಾಯಿತು. 2022-23ರಿಂದ 2025-26ರ ಅವಧಿಗೆ ಗೊತ್ತುಪಡಿಸಿದ ದರಗಳಂತೆ ಬಯಲುಸೀಮೆಯಲ್ಲಿ ಪೂರ್ಣ ನಾಶವಾದ ಮನೆಗೆ 1,20,000 ರೂಪಾಯಿ. ಗುಡಿಸಲಿಗೆ 8,000 ರೂಪಾಯಿ. ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆಗಳಿಂದ ಮಾಡಿದ, ಕಚ್ಚಾ ಮನೆಗಿಂತಲೂ ಕೆಳದರ್ಜೆಯ ತಾತ್ಕಾಲಿಕ ಆಸರೆಯೇ ಗುಡಿಸಲು ಎಂದು ಈ ನಿಯಮಾವಳಿ ಅರ್ಥ ಹೇಳುತ್ತದೆ. ವಿಮೆಯ ದರಪುಸ್ತಕದ ‘ಕಚ್ಚಾ’ ಎಂಬುದರ ವಿವರಣೆಯನ್ನು ಪಕ್ಕದಲ್ಲಿಟ್ಟು ಓದಿದರೆ ಹುಲ್ಲು, ಪ್ಲಾಸ್ಟಿಕ್ ಎಂಬ ಅವೇ ಪದಗಳು ಎರಡೂ ಕಡೆ ಕಾಣುತ್ತವೆ. ಇದಲ್ಲದೆ ಹಾನಿಗೊಂಡ ಮನೆ ಅಧಿಕೃತ ನಿರ್ಮಾಣವೆಂದು ಸಕ್ಷಮ ಅಧಿಕಾರಿ ದೃಢೀಕರಿಸಬೇಕು. ನಾಲೆಯಂಚಿನ, ಕೆರೆಯಂಗಳದ ವಸತಿಗಳಿಗೆ ಈ ಷರತ್ತು ಏನು ಮಾಡುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ನಿಯಮದ ದರ ಸಾಲದೆಂದು ರಾಜ್ಯಗಳಿಗೂ ತಿಳಿದಿದೆ. 2019ರ ನೆರೆಯಲ್ಲಿ ಕರ್ನಾಟಕ ಸರ್ಕಾರ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಆಗಿನ ಕೇಂದ್ರ ದರ 95,100 ರೂಪಾಯಿ. 2020ರಲ್ಲಿ ಹೈದರಾಬಾದಿನ ನೆರೆಪೀಡಿತ ಕುಟುಂಬಗಳಿಗೆ ತೆಲಂಗಾಣ ಸರ್ಕಾರ ತಲಾ 10,000 ರೂಪಾಯಿ ಹಂಚತೊಡಗಿತು. ನಗರಪಾಲಿಕೆಯ ಚುನಾವಣೆ ಬಂದುದರಿಂದ ನವೆಂಬರಿನಲ್ಲಿ ರಾಜ್ಯ ಚುನಾವಣಾ ಆಯೋಗ ಅದನ್ನು ತಡೆಯಿತು. ಸರ್ಕಾರ ಹೀಗೆ ಕೊಡುತ್ತ ಹೋದರೆ ಜನ ವಿಮೆ ಕೊಳ್ಳುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ಆಕ್ಷೇಪಿಸುವುದುಂಟು. ಈ ಆಕ್ಷೇಪ ನಮಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. 8,000 ರೂಪಾಯಿ ಸಿಗುತ್ತದೆಂಬ ಭರವಸೆಯಿಂದ ಯಾರೂ ವಿಮೆಯನ್ನು ಬಿಟ್ಟುಬಿಡಲಾರರು. ಅವರ ಬಳಿಗೆ ವಿಮೆ ಬಂದೇ ಇಲ್ಲ.

2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ನೀಡಬೇಕಾದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ವಿಮೆ ಜಾರಿಗೆ ಬಂದುದು ಈ ಚರಿತ್ರೆಯಲ್ಲಿ ಮಹತ್ವದ ಹೆಜ್ಜೆ. ಬೆಂಕಿ, ನೆರೆ, ಭೂಕಂಪ, ಭೂಕುಸಿತಗಳೆಲ್ಲ ಅದರಲ್ಲಿ ಮೂಲತಃ ಸೇರಿವೆ. ಕಟ್ಟಡದ ವಿಮಾಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನುಗಳಿಗೂ ರಕ್ಷಣೆ ತಾನಾಗಿ ದೊರೆಯುತ್ತದೆ. ಮನೆಯ ಬೆಲೆಯನ್ನು ಕಡಿಮೆ ನಮೂದಿಸಿದ್ದರೆ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ಹಳೆಯ ನಿಯಮವನ್ನು ಕೈಬಿಡಲಾಗಿದೆ. ಬಾಡಿಗೆದಾರನು ತನ್ನ ಸಾಮಾನುಗಳಿಗೆ ಮಾತ್ರವೇ ವಿಮೆ ಮಾಡಿಸಲೂಬಹುದು.

ಈ ಕೊನೆಯ ಅವಕಾಶ ಹೊರನಾಡಿನ ಕನ್ನಡಿಗರನ್ನು ನೇರವಾಗಿ ಮುಟ್ಟುವಂಥದು. ಹೈದರಾಬಾದಿನಲ್ಲಾಗಲಿ ಮುಂಬಯಿ, ಪುಣೆಗಳಲ್ಲಾಗಲಿ ಕಟ್ಟಡದ ಕೆಲಸಕ್ಕೆಂದು ಯಾದಗಿರಿ, ಕಲಬುರಗಿ, ವಿಜಯಪುರಗಳಿಂದ ಬಂದವರು ಬಹುಪಾಲು ಬಾಡಿಗೆಯ ಕೋಣೆಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ ಇರುವವರು. ಗೋಡೆ ಬಿದ್ದರೆ ಅದರ ಪರಿಹಾರ ಮನೆಯ ಮಾಲಿಕನಿಗೆ ಸಲ್ಲುತ್ತದೆ. ನೀರಿನಲ್ಲಿ ಹೋದ ಬಟ್ಟೆಗಾಗಿ ಕುಟುಂಬವೊಂದಕ್ಕೆ 2,500 ರೂಪಾಯಿ, ಪಾತ್ರೆಪಗಡಗಳಿಗಾಗಿ ಇನ್ನೊಂದು 2,500 ರೂಪಾಯಿ ಎಂಬುದಷ್ಟೇ 2022ರ ನಿಯಮಾವಳಿಯಲ್ಲಿ ಇವರ ಪಾಲಿಗೆ ಉಳಿಯುವ ಸಾಲು. ಅದಕ್ಕೂ ವಿಳಾಸದ ಪುರಾವೆ ಬೇಕು. ಪಡಿತರ ಚೀಟಿ ಹೆಚ್ಚಿನವರಿಗೆ ಊರಿನಲ್ಲಿರುತ್ತದೆ, ಊರಿನ ಮನೆಯ ಹೆಸರಿನಲ್ಲಿ.